ಬೋರ್ಡೋ ಬಾಟಲಿಯನ್ನು ಇನ್ನೂ ಇಟ್ಟುಕೊಂಡು ಕಾಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮೈಸೂರಿನ ಓದುಗರೊಬ್ಬರು ಕೇಳಿದ್ದ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರವನ್ನೂ ಇಲ್ಲಿ, ಫ್ರಾನ್ಸಿನ ಲಿಬೂರ್ನ್ ಎಂಬ ಊರಿನಲ್ಲಿ ಕುಳಿತು ಮೊಬೈಲಿನಲ್ಲಿ ಓದಿದೆ. ಸ್ನೇಹಿತರು 2007ರಲ್ಲಿ ತಂದುಕೊಟ್ಟ ಒಂದು ಬಾಟಲಿ ಕೆಂಪು ಬೋರ್ಡೋ ವೈನ್, ಎಂದರೆ ಫ್ರಾನ್ಸಿನ ಬೋರ್ಡೋ ಸೀಮೆಯದು, ಅವರ ಮನೆಯ ಷೋಕೇಸಿನಲ್ಲಿದೆ. 2004ರ ಕೊಯ್ಲಿನದು, ಚೀಟಿಯ ಮೇಲೆ 'ಬೋರ್ಡೋ ಸುಪೀರಿಯರ್' ಎಂದು ಬರೆದಿದೆ. ಬರುವ ವೈಶಾಖದಲ್ಲಿ ಮಗನ ಮದುವೆ. ಆಗ ತೆರೆಯಲೇ, ಇನ್ನೂ ಇಡಲೇ ಎಂದು ಕೇಳಿದ್ದರು. ಉತ್ತರ ಒಂದೇ ಸಾಲಿನದು: ವೈನ್ ಹಳೆಯದಾದಷ್ಟೂ ರುಚಿ ಹೆಚ್ಚು, ಮೊಮ್ಮಗ ಹುಟ್ಟುವವರೆಗೂ ಇಡಬಹುದು.

ದಯವಿಟ್ಟು ಇಡಬೇಡಿ. ಈ ಒಂದು ಮಾತನ್ನು ಹೇಳುವುದಕ್ಕಾಗಿಯೇ ಪತ್ರ ಬರೆಯುತ್ತಿದ್ದೇನೆ. ಯಾಕೆ ಎಂದು ವಿವರಿಸಲು ಸ್ವಲ್ಪ ಜಾಗ ಬೇಕು. ಸಾಧ್ಯವಾದರೆ ಪೂರ್ತಿ ಪ್ರಕಟಿಸಿ.

ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯವನು. 1996ರಿಂದ ಲಿಬೂರ್ನಿನ ಒಬ್ಬ ವೈನ್ ವ್ಯಾಪಾರಿಯ ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಬೋರ್ಡೋ ನಗರದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ದೊರ್ದೋನ್ಯ ನದಿಯ ದಡದಲ್ಲಿರುವ ಊರು ಇದು. ಪೊಮೆರೋಲ್ ಮತ್ತು ಸ್ಯಾಂತ್ ಎಮಿಲಿಯೋಂ ಎಂಬ ಹೆಸರಾಂತ ವೈನ್ ಊರುಗಳ ತೋಟಗಳು ಇಲ್ಲಿಂದ ಕೂಗಳತೆಯಲ್ಲಿವೆ. ಮದ್ಯದ ವಿಷಯವನ್ನು ಪತ್ರಿಕೆಗೆ ಬರೆಯಬೇಕೇ ಎಂದು ನನ್ನ ಹೆಂಡತಿ ಕೇಳಿದಳು. ನನ್ನ ಮಟ್ಟಿಗೆ ಇದು ಬೆಳೆಯ ವಿಷಯ. ಒಬ್ಬ ರೈತ ಒಂದು ವರ್ಷ ಬೆವರು ಸುರಿಸಿ ಮಾಡಿದ್ದನ್ನು ಇನ್ನೊಬ್ಬರು ಅರಿಯದೆ ಹಾಳುಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮೂರಿನಲ್ಲಿ 'ಬೋರ್ಡೋ' ಎಂದರೆ ವೈನ್ ಅಲ್ಲ, ಕೊಳೆರೋಗದ ಔಷಧ. ಮಳೆಗಾಲ ಶುರುವಾಗುವ ಹೊತ್ತಿಗೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕದಡಿ ಅಡಿಕೆ ಕೊನೆಗಳಿಗೆ ಹೊಡೆಯುತ್ತೇವಲ್ಲ, ಆ ನೀಲಿ ದ್ರಾವಣ. ಅದು ಹುಟ್ಟಿದ್ದು ಈ ಸೀಮೆಯಲ್ಲಿಯೇ. 1880ರ ದಶಕದಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಲಾರ್ದೆ ಎಂಬವರು ಸ್ಯಾಂ ಜೂಲಿಯಾಂ ಎಂಬ ಊರಿನ ದ್ರಾಕ್ಷಿತೋಟದ ಪಕ್ಕದಲ್ಲಿ ಹೋಗುತ್ತಿದ್ದಾಗ, ರಸ್ತೆಯ ಅಂಚಿನ ಬಳ್ಳಿಗಳಿಗೆ ಮಾತ್ರ ಬೂಜುರೋಗ ಬಡಿಯದೆ ಎಲೆ ಹಸಿರಾಗಿರುವುದನ್ನು ಕಂಡರು. ದಾರಿಹೋಕರು ಹಣ್ಣು ಕದಿಯದಿರಲಿ ಎಂದು ತೋಟದವರು ಆ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚಿದ್ದರು. 1885ರಲ್ಲಿ ಮಿಲಾರ್ದೆ ಅದನ್ನು ಔಷಧವೆಂದು ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆಗೆ ತಂದರು. ನಾನು ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ ನೀಲಿ ಕಲೆ ಕಟ್ಟಿದ ದ್ರಾಕ್ಷಿ ಎಲೆಗಳನ್ನು ನೋಡಿ, ನಮ್ಮ ತೋಟದ ನೆನಪಾಗಿ, ಬೇಲಿಯ ಹತ್ತಿರ ತುಂಬ ಹೊತ್ತು ನಿಂತಿದ್ದೆ.

2001ರಲ್ಲಿ ಅಪ್ಪ ಬಂದಿದ್ದರು. ಅವರು ಕುಡಿಯುವವರಲ್ಲ, ಅವರ ಮುಂದೆ ನಾನೂ ಲೋಟ ಹಿಡಿದವನಲ್ಲ. ಆದರೆ ನೆಲಮಾಳಿಗೆಯನ್ನು ನೋಡಬೇಕೆಂದರು. ಅವತ್ತು 225 ಲೀಟರಿನ ಓಕ್ ಪೀಪಾಯಿಗಳಿಂದ ಹೊಸ ವೈನನ್ನು ಗಸಿ ಬಿಟ್ಟು ಬೇರೆ ಪೀಪಾಯಿಗೆ ತಿರುಗಿಸುತ್ತಿದ್ದೆವು. ಕೊಳವೆಯ ಕೀಲಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಅಪ್ಪ ಅದರ ಕೆಳಗೆ ಬೆರಳೊಡ್ಡಿ, ಹೆಬ್ಬೆರಳಿನಿಂದ ತಿಕ್ಕಿ, ಮೂಗಿನ ಹತ್ತಿರ ಹಿಡಿದು, "ಇದು ಚೊಗರಲ್ಲವೇನೋ ತಮ್ಮಾ" ಎಂದರು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಕೆಂಪು, ಮಂದ ರಸವೇ ಚೊಗರು. ಅದರ ಒಗರು ನಾಲಗೆಗೆ ತಾಗಿದರೆ ಬಾಯಿ ಜಿಗುಟುತ್ತದೆ, ಬೆರಳಿಗೆ ತಾಗಿದರೆ ವಾರವಾದರೂ ಕಲೆ ಹೋಗುವುದಿಲ್ಲ. ಅಪ್ಪ ಹೇಳಿದ್ದು ಸರಿ. ಎರಡರಲ್ಲಿಯೂ ಇರುವುದು ಟ್ಯಾನಿನ್. ಕೆಂಪು ವೈನಿನ ಒಗರು ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಪೀಪಾಯಿಯ ಮರದಿಂದ ಬರುತ್ತದೆ.

ಈ ಒಗರು ಇಳಿಯಲು ಎಷ್ಟು ಕಾಲ ಬೇಕು ಎಂದು ಅಪ್ಪ ಕೇಳಿದರು. ಆಯಾ ತೋಟ, ಆಯಾ ವರ್ಷದ ಮೇಲೆ ಹೋಗುತ್ತದೆ, ಒಂದು ಲೆಕ್ಕವೆಂಬುದಿಲ್ಲ ಎಂದೆ. "ಹಾಗಾದರೆ ಇದಕ್ಕೂ ಒಬ್ಬ ಕೊನೆಗಾರ ಬೇಕು" ಎಂದರು. ಓದುಗರಲ್ಲಿ ಅಡಿಕೆ ಸೀಮೆಯವರಿಗೆ ಈ ಮಾತು ಕೂಡಲೇ ಅರ್ಥವಾಗುತ್ತದೆ. ಒಂದೇ ಮರದ ಎರಡು ಕೊನೆಗಳು ಒಂದೇ ದಿನ ಬಲಿಯುವುದಿಲ್ಲ. ಪಂಚಾಂಗ ನೋಡಿ ಕೊನೆ ಇಳಿಸುವವರಿಲ್ಲ. ಕೊನೆಗಾರ ಮರ ಹತ್ತಿ, ಒಂದು ಕಾಯಿ ಕಿತ್ತು, ಕಚ್ಚಿ ನೋಡಿ, ಇದು ಇವತ್ತು, ಅದು ಇನ್ನು ಹದಿನೈದು ದಿನಕ್ಕೆ ಎನ್ನುತ್ತಾನೆ. ತಡಮಾಡಿದರೆ ಹಸಿ ಅಡಿಕೆ ಆಗಬೇಕಾದದ್ದು ಹಣ್ಣಾಗಿ ಗೋಟಾಗುತ್ತದೆ.

ವೈನ್ ತಡವಾದರೆ ಏನಾಗುತ್ತದೆ ಎಂಬುದನ್ನು ನನಗೆ ಕಲಿಸಿದವರು ನಾನು ಮೊದಲು ಬಾಡಿಗೆಗಿದ್ದ ಮನೆಯ ಯಜಮಾನರು. ಪೀಪಾಯಿ ಕಟ್ಟುವ ಕೆಲಸದಿಂದ ನಿವೃತ್ತರಾಗಿದ್ದ ಹಿರಿಯರು, ತೋಳಿನಲ್ಲಿ ಇನ್ನೂ ಕಸುವಿತ್ತು. ಅವರ ಮಗಳು ಹುಟ್ಟಿದ್ದು 1975ರಲ್ಲಿ. ಅದೇ ವರ್ಷದ ಕೊಯ್ಲಿನ, ಬೋರ್ಡೋ ಸೀಮೆಯ ಎಡದಡದಲ್ಲಿರುವ ಮೆಡೊಕ್ ಎಂಬಲ್ಲಿಯ ವೈನ್, ಹೆಸರಾಂತ ತೋಟದ್ದು, ಹನ್ನೆರಡು ಬಾಟಲಿಗಳ ಒಂದು ಮರದ ಪೆಟ್ಟಿಗೆಯನ್ನು 1978ರಲ್ಲಿ ಮೂರು ತಿಂಗಳ ಉಳಿತಾಯ ಕೊಟ್ಟು ಕೊಂಡಿದ್ದರು. 1975ರ ಬೇಸಿಗೆ ಒಣ ಬೇಸಿಗೆ. ಹಣ್ಣು ಸಣ್ಣ, ಸಿಪ್ಪೆ ದಪ್ಪ, ಒಗರು ವಿಪರೀತ. ಇದು ಐವತ್ತು ವರ್ಷ ಬಾಳುವ ವೈನ್ ಎಂದು ಆಗ ಎಲ್ಲರೂ ಹೇಳಿದ್ದರಂತೆ. ಮಗಳಿಗೆ ಹತ್ತು ವರ್ಷ ತುಂಬಿದಾಗ ಒಂದನ್ನು ತೆರೆದರು. ಕಲ್ಲು. 1988ರಲ್ಲಿ ಇನ್ನೊಂದು, 1990ರಲ್ಲಿ ಮತ್ತೊಂದು. ಪ್ರತಿ ಬಾರಿಯೂ ತೆರೆದ ಬಿರಡೆಯ ಮೇಲೆ ಪೆನ್ನಿನಿಂದ ಇಸವಿ ಬರೆದು, ಒಂದು ತಗಡಿನ ಡಬ್ಬದಲ್ಲಿ ಹಾಕಿಡುತ್ತಿದ್ದರು. ನಾನು ಆ ಮನೆಗೆ ಬರುವ ಹೊತ್ತಿಗೆ ಡಬ್ಬದಲ್ಲಿ ಐದು ಬಿರಡೆಗಳಿದ್ದವು, ಪೆಟ್ಟಿಗೆಯಲ್ಲಿ ಏಳು ಬಾಟಲಿಗಳು.

1997ರಲ್ಲಿ ಆರನೆಯದನ್ನು ತೆರೆದಾಗ ನನ್ನನ್ನೂ ಕರೆದರು. ಬಾಯಿಗೆ ಹಾಕಿಕೊಂಡೆ, ಒಸಡು ಹಿಡಿದುಕೊಂಡಿತು. "ಇನ್ನೂ ಆಗಿಲ್ಲ" ಎಂದರು ಯಜಮಾನರು. 2000ದಲ್ಲಿಯೂ ಅದೇ ಮಾತು, ಆದರೆ ದನಿಯಲ್ಲಿ ಮೊದಲಿನ ಭರವಸೆ ಇರಲಿಲ್ಲ. 2004ರಲ್ಲಿ ತೆರೆದಾಗ ಅವರು ಏನೂ ಹೇಳಲಿಲ್ಲ. ಲೋಟವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. 2008ರಲ್ಲಿ ತೀರಿಕೊಂಡರು. ಆ ಚಳಿಗಾಲದಲ್ಲಿ ಅವರ ಮಗಳೂ ನಾನೂ ನನ್ನ ಹೆಂಡತಿಯೂ ಅಡುಗೆಮನೆಯ ಮೇಜಿನ ಸುತ್ತ ಕುಳಿತು ಒಂಬತ್ತನೆಯದನ್ನು ತೆರೆದೆವು. ಬಣ್ಣ ಇಟ್ಟಿಗೆಯದು, ಅಂಚಿನಲ್ಲಿ ತೆಳ್ಳಗೆ ಚಹಾ ಡಿಕಾಕ್ಷನ್ನಿನ ಹಾಗೆ. ಮೂಗಿಗೆ ಒಣ ಎಲೆ, ಹಳೆಯ ಮರ. ಬಾಯಿಯಲ್ಲಿ ಒಗರು ಹಾಗೆಯೇ ನಿಂತಿತ್ತು, ಅದರ ಹಿಂದೆ ಇರಬೇಕಾಗಿದ್ದ ಹಣ್ಣು ಮಾತ್ರ ಎಲ್ಲಿಯೂ ಇರಲಿಲ್ಲ. ಮಗಳು ಅತ್ತಳು. ವೈನಿಗಾಗಿ ಅಲ್ಲ, ಅಪ್ಪ ಮೂವತ್ತು ವರ್ಷ ಕಾದದ್ದಕ್ಕೆ.

ಇದೇ ಯಜಮಾನರ ಪಕ್ಕದ ಮನೆಯವರು 1997ರ ಕ್ರಿಸ್ಮಸ್‌ಗೆ 1982ರ ಒಂದು ಬಾಟಲಿ ತೆರೆದಿದ್ದರು. ಅದಕ್ಕೆ ಆಗ ಹದಿನೈದೇ ವರ್ಷ. ಒಗರು ರೇಷ್ಮೆಯಾಗಿತ್ತು, ಹಣ್ಣು ಹಣ್ಣಾಗಿಯೇ ಇತ್ತು. ಏಳು ವರ್ಷ ಚಿಕ್ಕದು ಮೊದಲೇ ಹದಕ್ಕೆ ಬಂದಿತ್ತು. ವಯಸ್ಸಿನ ಲೆಕ್ಕವೊಂದನ್ನೇ ನಂಬಿಕೊಂಡರೆ ಇದನ್ನು ಹೇಗೆ ವಿವರಿಸುವುದು?

ಬಾಟಲಿಯೊಳಗೆ ನಡೆಯುವುದು ಇಷ್ಟು. ಟ್ಯಾನಿನ್ನೂ ಸಿಪ್ಪೆಯ ಬಣ್ಣವೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತಾ ಉದ್ದ ಸರಪಳಿಗಳಾಗುತ್ತವೆ, ಅದರಲ್ಲಿ ಒಂದಷ್ಟು ಭಾರವಾಗಿ ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಆದ್ದರಿಂದಲೇ ಹಳೆಯ ವೈನ್ ಬಣ್ಣದಲ್ಲಿ ತೆಳುವಾಗುತ್ತದೆ, ಬಾಯಿಗೆ ಮೆತ್ತಗಾಗುತ್ತದೆ. ಅದೇ ಹೊತ್ತಿಗೆ ತಾಜಾ ಹಣ್ಣಿನ ಘಮ ಒಂದೊಂದೇ ಕಳಚಿಕೊಂಡು ದೇವದಾರು, ತಂಬಾಕಿನ ಎಲೆ, ಚರ್ಮ, ಅಣಬೆ, ನಮ್ಮ ಕಡೆ ಮೊದಲ ಮಳೆಗೆ ನೆಲದಿಂದ ಏಳುವಂಥ ವಾಸನೆ ಬರತೊಡಗುತ್ತವೆ. ಒಗರು ಇಳಿಯಬೇಕು, ಹಣ್ಣು ಪೂರ್ತಿ ಹೋಗಿರಬಾರದು. ಎರಡೂ ಕೂಡಿದ ಆ ಕಾಲವೇ ಹದ. 1982ರಲ್ಲಿ ಹಣ್ಣು ಧಾರಾಳವಾಗಿತ್ತು, ಒಗರು ಮಾಗಿದ್ದಾಗಿತ್ತು, ಹಾಗಾಗಿ ಹದದ ಕಾಲ ಬೇಗ ಶುರುವಾಗಿ ಬಹಳ ವರ್ಷ ಉಳಿಯಿತು. ಯಜಮಾನರ 1975ರಲ್ಲಿ ಒಗರು ಇಳಿಯುವ ಮೊದಲೇ ಹಣ್ಣು ಮುಗಿದುಹೋಯಿತು, ಹದದ ಕಾಲ ಬರಲೇ ಇಲ್ಲ. ಇದರಿಂದ 1975 ಇಡೀ ವರ್ಷವನ್ನೇ ತಳ್ಳಿಹಾಕುವಂತಿಲ್ಲ. ಅದೇ ವರ್ಷದ ಪೊಮೆರೋಲ್ ಕೆಲವು ಬಲು ಸೊಗಸು. ಬೋರ್ಡೋ ನಗರದ ಸೆರಗಿನಲ್ಲಿರುವ ಲಾ ಮಿಸ್ಯೋಂ ಓ ಬ್ರಿಯೋಂ ತೋಟದ 1975ನ್ನು ತಿಳಿದವರು ಈಗಲೂ ಕೊಂಡಾಡುತ್ತಾರೆ.

ಹಾಗಾಗಿ ಯಾರಾದರೂ 'ಈ ಬೋರ್ಡೋ ಈಗ ಕುಡಿಯಬಹುದೇ' ಎಂದು ಕೇಳಿದರೆ ನಾನು ಮೊದಲು ಕೇಳುವುದು ಯಾವ ತೋಟ, ಯಾವ ದಡ ಎಂದು. ಗಾರೋನ್ ಮತ್ತು ದೊರ್ದೋನ್ಯ ಕೂಡಿ ಜಿರೋಂದ್ ಅಳಿವೆಯಾಗುತ್ತವೆ. ಎಡದಡದ ಮೆಡೊಕ್‌ನಲ್ಲಿ ಗರಸು ಕಲ್ಲಿನ ನೆಲ, ಅಲ್ಲಿ ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿಯದೇ ಮೇಲುಗೈ: ಸಣ್ಣ ಹಣ್ಣು, ದಪ್ಪ ಸಿಪ್ಪೆ, ಹೆಚ್ಚು ಒಗರು, ನಿಧಾನ. ಬಲದಡದಲ್ಲಿ, ನಮ್ಮ ಕಡೆ, ಜೇಡಿ ಮತ್ತು ಸುಣ್ಣಕಲ್ಲು, ಮೆರ್ಲೋ ಹೆಚ್ಚು. ಅದು ಮೊದಲಿಂದಲೇ ದುಂಡಗೆ, ಸಾಮಾನ್ಯವಾಗಿ ಬೇಗ ಒದಗುತ್ತದೆ. 1855ರಲ್ಲಿ ಮೂರನೆಯ ನೆಪೋಲಿಯನ್ನನ ಕಾಲದ ಪ್ಯಾರಿಸ್ ಪ್ರದರ್ಶನಕ್ಕಾಗಿ ಮಾಡಿದ ಶ್ರೇಣಿ ಪಟ್ಟಿಯನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಅದು ತೋಟದ ಅಂತಸ್ತನ್ನು ಹೇಳುತ್ತದೆಯೇ ಹೊರತು ಯಾವಾಗ ತೆರೆಯಬೇಕೆಂದು ಹೇಳುವುದಿಲ್ಲ. ಪೊಮೆರೋಲ್ ಆ ಪಟ್ಟಿಯಲ್ಲಿಯೇ ಇಲ್ಲ.

ಆ ಪಟ್ಟಿಯ ಆಚೆ ಇರುವುದೇ ಬಹುಪಾಲು. ಬೋರ್ಡೋದಲ್ಲಿ ತಯಾರಾಗುವ ವೈನಿನಲ್ಲಿ ಸುಮಾರು ಅರ್ಧದಷ್ಟು 'ಬೋರ್ಡೋ' ಅಥವಾ 'ಬೋರ್ಡೋ ಸುಪೀರಿಯರ್' ಎಂಬ ಸಾಮಾನ್ಯ ಹೆಸರಿನಲ್ಲಿ ಬರುತ್ತದೆ. ಅದನ್ನು ಮಾಡುವ ರೈತರೇ ಮೂರು ವರ್ಷ, ಐದು ವರ್ಷ, ಹೆಚ್ಚೆಂದರೆ ಎಂಟು ವರ್ಷ ಎನ್ನುತ್ತಾರೆ. ಒಳ್ಳೆಯ ವೈನೇ, ನಮ್ಮ ಮನೆಯಲ್ಲಿ ವಾರದ ದಿನಗಳಲ್ಲಿ ಅದೇ. ಆದರೆ ಇಪ್ಪತ್ತು ವರ್ಷ ಇಡುವ ಉದ್ದೇಶದಿಂದ ಮಾಡಿದ್ದಲ್ಲ. ಮೈಸೂರಿನ ಓದುಗರ ಬಾಟಲಿ ಈ ಜಾತಿಯದು. ಉತ್ತರ ಬರೆದವರು ಚೀಟಿಯ ಮೇಲಿನ ಆ ಎರಡನೆಯ ಪದವನ್ನು ಗಮನಿಸಿದ್ದರೆ ಸಾಕಾಗಿತ್ತು.

ಆಮೇಲೆ ಇಸವಿ. ನಮ್ಮಲ್ಲಿ ಮಳೆ ಹಿಡಿದು ಕೊಳೆ ಬಂದ ವರ್ಷವನ್ನೂ ಫಸಲು ಒದಗಿದ ವರ್ಷವನ್ನೂ ಬೆಳೆಗಾರ ಮರೆಯುವುದಿಲ್ಲ, ಇಲ್ಲಿಯೂ ಹಾಗೆಯೇ. 1991ರ ಏಪ್ರಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಟ್ಟುಹೋಯಿತು. 1992 ಮಳೆಯ ವರ್ಷ. 1997 ಹಗುರ, ಬೇಗ ಒದಗಿತು, ಬೇಗ ಮುಗಿಯಿತು. ಅದನ್ನು 'ಇನ್ನೂ ಇರಲಿ' ಎಂದು ಇಟ್ಟವರು ಕೆಟ್ಟರು. 1986 ಮತ್ತು 1996ರ ಮೆಡೊಕ್ ಬಿಗಿ, ಅವುಗಳಲ್ಲಿ ಉತ್ತಮ ತೋಟದವು ಇಪ್ಪತ್ತು ವರ್ಷ ದಾಟಿದ ಮೇಲೆಯೇ ಬಾಯಿ ಬಿಟ್ಟವು. 1998ರಲ್ಲಿ ಎಡದಡದವರಿಗಿಂತ ನಮ್ಮ ದಡದವರು ಗೆದ್ದರು. 2003ರ ಬಿಸಿಗಾಳಿಯ ಬೇಸಿಗೆ ನನಗೆ ಚೆನ್ನಾಗಿ ನೆನಪಿದೆ, ಹಗಲು ತೋಟದಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆ ವರ್ಷದ ಪೊಮೆರೋಲ್‌ಗಳಲ್ಲಿ ಹಲವು ಬೇಗ ಬಳಲಿದವು, ಮೆಡೊಕ್‌ನ ಉತ್ತರದ ಸ್ಯಾಂತ್ ಎಸ್ತೆಫ್‌ನ ತಂಪು ಜೇಡಿಯಲ್ಲಿ ಬೆಳೆದವು ನಿಂತವು. 2009 ಮೊದಲ ದಿನದಿಂದಲೇ ನಗುಮುಖ, 2010 ಗಂಭೀರ; ಎರಡೂ ಶ್ರೇಷ್ಠ, ಆದರೆ ಒಂದೇ ತೋಟದ ಈ ಎರಡು ಬಾಟಲಿಗಳಿದ್ದರೆ ನಾನು ಮೊದಲು 2009ನ್ನು ತೆರೆಯುತ್ತೇನೆ. 2013 ಬಡ ವರ್ಷ, ಇನ್ನೂ ಇಟ್ಟುಕೊಂಡಿದ್ದರೆ ಈ ವಾರವೇ ಮುಗಿಸಿ.

ಇನ್ನೊಂದು ವಿಷಯವಿದೆ. ಅಜ್ಜಂದಿರ ಕಾಲದ ಲೆಕ್ಕ ಈಗ ನಡೆಯುವುದಿಲ್ಲ. ಮೊದಲು ಮಳೆಗೆ ಹೆದರಿ ಅರೆಬಲಿತ ಹಣ್ಣನ್ನೇ ಕೊಯ್ಯುತ್ತಿದ್ದರು, ಹಾಗಾಗಿ ಒಗರೂ ಹುಳಿಯೂ ಗಡುಸಾಗಿರುತ್ತಿತ್ತು. ಎಮಿಲ್ ಪೇನೋ ಎಂಬ ವಿಜ್ಞಾನಿ ಬೋರ್ಡೋದಲ್ಲಿ ದಶಕಗಳ ಕಾಲ ಪಾಠ ಹೇಳಿ, ತೋಟ ತೋಟ ಸುತ್ತಿ, ಹಣ್ಣು ಪೂರ್ತಿ ಮಾಗಲಿ, ಕೊಳೆತದ್ದನ್ನು ಆರಿಸಿ ತೆಗೆಯಿರಿ, ಪೀಪಾಯಿ ಶುಚಿಯಾಗಿಡಿ ಎಂದು ಒಪ್ಪಿಸಿದರು. ಅವರ ನಂತರದ ತಲೆಮಾರು ಇನ್ನೂ ಮುಂದೆ ಹೋಯಿತು. ಹವೆಯೂ ಬೆಚ್ಚಗಾಗುತ್ತಾ ಬಂತು. ಇವತ್ತಿನ ಬೋರ್ಡೋ ಹತ್ತನೆಯ ವರ್ಷಕ್ಕೇ ಮಾತನಾಡುತ್ತದೆ. 1961ರ ವೈನಿಗೆ ಹೇಳಿದ ಬುದ್ಧಿಮಾತನ್ನು 2009ರ ಬಾಟಲಿಗೆ ಹೇಳುವುದು ಸರಿಯಲ್ಲ.

ಬೇಗ ತೆರೆದು ಕೆಡಿಸುವುದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. 1996ರ ಒಂದು ಪೋಯಾಕ್ (ಮೆಡೊಕ್‌ನ ಒಂದು ಊರು) ವೈನನ್ನು ನಾನು 2002ರಲ್ಲಿ, ಬಡ್ತಿ ಸಿಕ್ಕ ಸಂತೋಷಕ್ಕೆ ತೆರೆದೆ. ಎರಡು ವರ್ಷ ಹಿಂದೆ ರುಚಿ ನೋಡಿದಾಗ ಕರಿದ್ರಾಕ್ಷಿಯ ಘಮ ಮುಖಕ್ಕೆ ಬಡಿದಿತ್ತು. ಈಗ ಏನೂ ಇಲ್ಲ. ಕಬ್ಬಿಣದ ಬಾಗಿಲು ಹಾಕಿದ ಹಾಗೆ. ಹಲವು ಬೋರ್ಡೋ ವೈನ್‌ಗಳಿಗೆ ಇಂಥ ಒಂದು ಮೌನದ ಕಾಲವಿರುತ್ತದೆ. ಹದಿಹರೆಯದ ಮಕ್ಕಳ ಹಾಗೆ ಕೆಲವು ವರ್ಷ ಮುಚ್ಚಿಕೊಂಡು, ಆಮೇಲೆ ತಾವಾಗಿಯೇ ತೆರೆದುಕೊಳ್ಳುತ್ತವೆ. ಆದರೂ ಅವತ್ತಿನ ಬಾಟಲಿ ಪೂರ್ತಿ ವ್ಯರ್ಥವಾಗಲಿಲ್ಲ. ಡಿಕ್ಯಾಂಟರಿಗೆ, ಎಂದರೆ ಗಾಜಿನ ಹೂಜಿಗೆ, ಸುರಿದು ನಾಲ್ಕು ಗಂಟೆ ಗಾಳಿಗೆ ಬಿಟ್ಟೆವು, ಊಟದ ಜೊತೆ ಒಗರು ಸ್ವಲ್ಪ ತಗ್ಗಿತು. ಎಳೆಯದಕ್ಕೆ ಗಾಳಿ ಇದೆ, ಊಟವಿದೆ, ಮಾರನೆಯ ದಿನವಿದೆ. ಮುಗಿದುಹೋದ ವೈನಿಗೆ ಏನು ಮಾಡಿದರೂ ಜೀವ ಬರುವುದಿಲ್ಲ. ಇದರಿಂದಾಗಿಯೇ, ಸಂದೇಹವಿದ್ದರೆ ಬೇಗ ತೆರೆಯಿರಿ ಎಂದು ನಾನು ಗಟ್ಟಿಯಾಗಿ ಹೇಳುವುದು.

ಇಂಗ್ಲಿಷರ ಜೊತೆ ಈ ವಿಷಯದಲ್ಲಿ ನನಗೆ ಬಹಳ ಸಲ ವಾದವಾಗಿದೆ. ನಮ್ಮಲ್ಲಿಗೆ ಬರುವ ಅಲ್ಲಿಯ ಹಳೆಯ ಗಿರಾಕಿಗಳಿಗೆ ಅಣಬೆ, ಒಣ ಎಲೆಯ ವಾಸನೆ ಬಂದ ಮೇಲೆಯೇ ಇಷ್ಟ. ನನ್ನ ಫ್ರೆಂಚ್ ಸಹೋದ್ಯೋಗಿಗಳು ಹಣ್ಣಿನ ಕಸುವಿರುವಾಗಲೇ ಮುಗಿಸುತ್ತಾರೆ. ಮಾವಿನಕಾಯಿ ಉಪ್ಪಿನಕಾಯಿ ಹೋಳು ಕಡಿದರೆ ಕರುಂ ಎನ್ನಬೇಕು ಎನ್ನುವವರೂ, ಎರಡು ವರ್ಷ ಭರಣಿಯಲ್ಲಿ ಕೂತು ಮೆತ್ತಗಾದದ್ದೇ ಬೇಕೆನ್ನುವವರೂ ಒಂದೇ ಮನೆಯಲ್ಲಿರುತ್ತಾರಲ್ಲ, ಹಾಗೆ. ವಿಮರ್ಶಕರು '2018ರಿಂದ 2040' ಎಂದು ಅವಧಿ ಬರೆದುಕೊಡುತ್ತಾರೆ. ನಾನೂ ಓದುತ್ತೇನೆ, ದಾರಿ ತಿಳಿಯುತ್ತದೆ. ಆದರೆ ಅವರು ಬರೆದದ್ದು ಪೀಪಾಯಿಯಲ್ಲಿದ್ದ ಎಳೆಯ ವೈನಿನ ರುಚಿ ನೋಡಿ ಮಾಡಿದ ಅಂದಾಜು, ಅದೂ ಅವರ ನಾಲಗೆಯದು.

ನಿಮ್ಮ ಕೈಯಲ್ಲಿರುವ ಬಾಟಲಿ ಎಲ್ಲಿ ಬೆಳೆಯಿತು ಎಂಬುದು ಅವರಿಗೆ ಗೊತ್ತಿಲ್ಲ. ಕರ್ನಾಟಕದ ಓದುಗರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಇಲ್ಲಿಯ ನೆಲಮಾಳಿಗೆಯಲ್ಲಿ ವರ್ಷವಿಡೀ 12ರಿಂದ 13 ಡಿಗ್ರಿ. ಬೆಳಕಿಲ್ಲ, ಅಲುಗಾಟವಿಲ್ಲ, ಗೋಡೆಯಲ್ಲಿ ತೇವ. ಬಾಟಲಿ ಮಲಗಿರುತ್ತದೆ, ಬಿರಡೆ ವೈನಿನಲ್ಲಿ ನೆನೆದು ಉಬ್ಬಿಕೊಂಡಿರುತ್ತದೆ. ಹದಿನೈದು, ಇಪ್ಪತ್ತು, ಮೂವತ್ತು ವರ್ಷ ಎಂದು ನಾವು ಹೇಳುವುದೆಲ್ಲ ಈ ತಂಪಿನ ಲೆಕ್ಕ. ಷೋಕೇಸಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಏಪ್ರಿಲ್‌ನ 35 ಡಿಗ್ರಿಯಲ್ಲಿ ನೆಟ್ಟಗೆ ನಿಂತ ಬಾಟಲಿಗೆ ಆ ಲೆಕ್ಕ ಹೊಂದುವುದಿಲ್ಲ. ಬಿರಡೆ ಒಣಗಿ ಸಣ್ಣದಾಗುತ್ತದೆ, ಗಾಳಿ ಒಳಗೆ ನುಸುಳುತ್ತದೆ, ಸೆಖೆಗೆ ವೈನ್ ಬೆಂದ ಹಣ್ಣಿನ ಹಾಗಾಗುತ್ತದೆ. ನಾನೇ ಒಮ್ಮೆ, ತಿಳಿದೂ ತಿಳಿದೂ, ಊರಿನ ಭಾವನಿಗೆ ಒಂದು ಒಳ್ಳೆಯ ಸ್ಯಾಂತ್ ಎಮಿಲಿಯೋಂ ಕೊಟ್ಟು ಬಂದಿದ್ದೆ. ಜೋಪಾನವಾಗಿರಲಿ ಎಂದು ಅವರು ಅದನ್ನು ಅಟ್ಟದ ಮೇಲಿಟ್ಟರು. ಹೆಂಚಿನ ಕೆಳಗಿನ ಅಟ್ಟ. ಆರು ವರ್ಷ ಕಳೆದು ಹೋದಾಗ ಬಿರಡೆ ಕಾಲು ಅಂಗುಲ ಮೇಲೆ ಎದ್ದಿತ್ತು, ಕುತ್ತಿಗೆಯಿಂದ ಅಂಟಾದ ಒಂದು ಗೆರೆ ಚೀಟಿಯವರೆಗೆ ಇಳಿದಿತ್ತು, ಇರುವೆ ಮುತ್ತಿತ್ತು. ಅವರದೇನೂ ತಪ್ಪಿಲ್ಲ. ಈ ವರ್ಷವೇ ಕುಡಿಯಿರಿ ಎಂದು ನಾನು ಹೇಳಬೇಕಿತ್ತು.

ತೆರೆಯುವ ಮೊದಲೇ ಬಾಟಲಿ ಎಷ್ಟೋ ಹೇಳುತ್ತದೆ. ಬೆಳಕಿಗೆ ಹಿಡಿದು ವೈನಿನ ಮಟ್ಟ ನೋಡಿ. ಕುತ್ತಿಗೆಯೊಳಗೇ ಇದ್ದರೆ ಒಳ್ಳೆಯದು. ಮೂವತ್ತು ವರ್ಷದ ಬಾಟಲಿಯಲ್ಲಿ ಭುಜದ ಮೇಲ್ಭಾಗಕ್ಕೆ ಇಳಿದಿದ್ದರೆ ಸಹಜ. ಭುಜದ ನಡುವಿಗಿಂತ ಕೆಳಗೆ ಹೋಗಿದ್ದರೆ ಗಾಳಿ ಹೊಕ್ಕಿದೆ, ಆಸೆ ಕಡಿಮೆ ಮಾಡಿಕೊಳ್ಳಿ. ಅರ್ಧ ಬಾಟಲಿ ಬೇಗ ಮಾಗುತ್ತದೆ, ಒಂದೂವರೆ ಲೀಟರಿನ ಮ್ಯಾಗ್ನಮ್ ನಿಧಾನ.

ಒಂದಕ್ಕಿಂತ ಹೆಚ್ಚು ಇದ್ದರೆ ಕೊನೆಗಾರನ ದಾರಿಯೇ ದಾರಿ: ಒಂದನ್ನು ತೆರೆದು ನೋಡಬೇಕು. ನನ್ನ ಮಗಳು ಹುಟ್ಟಿದ್ದು 2005ರಲ್ಲಿ. ಯಜಮಾನರ ಹಾಗೆಯೇ ನಾನೂ ಅದೇ ವರ್ಷದ ಸ್ಯಾಂತ್ ಎಸ್ತೆಫ್ ಹನ್ನೆರಡು ಬಾಟಲಿ ಕೊಂಡೆ. 2005ಕ್ಕೆ ಒಗರು ಸಾಕಷ್ಟಿದೆ, ಆದರೆ ಹಣ್ಣೂ ಅದಕ್ಕೆ ಸಮನಾಗಿದೆ. 2012ರಲ್ಲಿ ಒಂದು ತೆರೆದೆ, ಮುಚ್ಚಿಕೊಂಡಿತ್ತು. 2016ರಲ್ಲಿ ಬಾಗಿಲು ಸ್ವಲ್ಪ ಸರಿದಿತ್ತು. 2020ರಲ್ಲಿ, ಎಲ್ಲರೂ ಮನೆಯಲ್ಲಿಯೇ ಕೂತಿದ್ದ ಆ ವಸಂತದಲ್ಲಿ, ಮೊದಲ ಬಾರಿಗೆ ದೇವದಾರಿನ ಘಮ ಬಂತು. 2023ರಲ್ಲಿ ಮಗಳಿಗೆ ಹದಿನೆಂಟು ತುಂಬಿದ ಶರದೃತುವಿನ ಒಂದು ಸಂಜೆ, ಈ ಸೀಮೆಯ ಸೆಪ್ ಅಣಬೆಯನ್ನು ಬೆಳ್ಳುಳ್ಳಿ ಹಾಕಿ ಹುರಿದಿದ್ದಳು ನನ್ನ ಹೆಂಡತಿ. ಬಾಟಲಿಯನ್ನು ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿದ್ದೆ. ಕತ್ತಿನ ಹಿಂದೆ ಮೇಣದ ಬತ್ತಿ ಹಚ್ಚಿಟ್ಟು, ಒಂದೇ ಓಟದಲ್ಲಿ, ಕೈ ಅಲುಗಿಸದೆ ಡಿಕ್ಯಾಂಟರಿಗೆ ಬಗ್ಗಿಸಿದೆ. ಸ್ವಚ್ಛ ಕೆಂಪು ಹರಿಯುತ್ತಾ ಹರಿಯುತ್ತಾ, ಭುಜದಲ್ಲಿ ಗಸಿಯ ಕಪ್ಪು ದಾರವೊಂದು ಕತ್ತಿನ ಕಡೆ ತೆವಳಿ ಬಂತು, ನಿಲ್ಲಿಸಿದೆ. ಲೋಟವನ್ನು ಬಿಳಿ ಕರವಸ್ತ್ರದ ಮೇಲೆ ಓರೆ ಮಾಡಿದರೆ ನಡುವೆ ಮಾಣಿಕ್ಯ, ಅಂಚಿನಲ್ಲಿ ಹೆಂಚಿನ ಬಣ್ಣದ ಒಂದು ತೆಳು ಎಳೆ ಆಗಷ್ಟೇ ಮೂಡಿತ್ತು. ಮಗಳು ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಬಿಟ್ಟು, "ಅಜ್ಜ ಹೇಳಿದ ಚೊಗರು ಇದೇನಾ ಅಪ್ಪಾ" ಎಂದು ಕನ್ನಡದಲ್ಲಿ ಕೇಳಿದಳು. ಇನ್ನೂ ಎಂಟು ಬಾಟಲಿಗಳಿವೆ. ಆಗ ಐದು ವರ್ಷಕ್ಕೊಂದು ಎಂದುಕೊಂಡಿದ್ದೆ, ಈಗ ಎರಡು ವರ್ಷಕ್ಕೊಂದು ಎಂದು ಬದಲಾಯಿಸಿದ್ದೇನೆ.

ಈಗ ಮೈಸೂರಿನ ಓದುಗರಿಗೆ. ಸ್ವಾಮಿ, ಮದುವೆಯ ದಿನಕ್ಕೆ ಆ ಬಾಟಲಿಯನ್ನು ನಂಬಿಕೊಳ್ಳಬೇಡಿ. ಆವತ್ತಿಗೆ ಈಚಿನ ವರ್ಷದ್ದೊಂದು ತನ್ನಿ. ಇದನ್ನು ಬರುವ ಶನಿವಾರವೇ ತೆರೆಯಿರಿ. ಗುರುವಾರ ರಾತ್ರಿಯಿಂದ ಅಲುಗಿಸಬೇಡಿ, ತೆರೆಯುವ ಮುಂಚೆ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿ ನೆಟ್ಟಗೆ ಇಡಿ. ಬಿರಡೆ ಒಣಗಿ ಪುಡಿಯಾಗಬಹುದು. ತಿರುಪಿನ ಸೂಜಿಯನ್ನು ನಿಧಾನವಾಗಿ, ಆದಷ್ಟು ಆಳಕ್ಕೆ ಇಳಿಸಿ, ಚೂರು ಒಳಗೆ ಬಿದ್ದರೆ ಚಹಾ ಸೋಸುವ ಜಾಲರಿಯಲ್ಲಿ ಸೋಸಿಕೊಳ್ಳಿ. ಇಷ್ಟು ಹಳೆಯದನ್ನು ಗಂಟೆಗಟ್ಟಲೆ ಗಾಳಿಗೆ ಬಿಡಬೇಡಿ, ಇರುವ ಅಲ್ಪಸ್ವಲ್ಪ ಘಮವೂ ಅರ್ಧ ಗಂಟೆಯಲ್ಲಿ ಹಾರಿಹೋಗುತ್ತದೆ. ಸಣ್ಣ ಲೋಟಕ್ಕೆ ಹಾಕಿ ಮೊದಲು ಮೂಸಿ ನೋಡಿ. ಹುಳಿ ಕಾಡಿಯ (ವಿನೆಗರಿನ) ವಾಸನೆ ಬಂದರೆ ಅಲ್ಲಿಗೆ ಬಿಡಿ. ಅದನ್ನು ತಂದುಕೊಟ್ಟ ಸ್ನೇಹಿತರು ಊರಿನಲ್ಲಿದ್ದರೆ ಅವರನ್ನೂ ಕರೆಯಿರಿ. ಹೇಗಿತ್ತೆಂದು ಈ ಅಂಕಣಕ್ಕೇ ನಾಲ್ಕು ಸಾಲು ಬರೆಯಿರಿ. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನಾನು ಇಲ್ಲಿ ನೋಡುತ್ತಿರುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗ
ಲಿಬೂರ್ನ್, ಫ್ರಾನ್ಸ್